ನಮ್ಮ ಪದ್ಮಿನಿಗೆ ತೂಕವಿಲ್ಲವೆಂದ ಕಚೇರಿಗೆ

ಶಸ್ತ್ರಚಿಕಿತ್ಸೆಗಳಿಗೆ ಮಂಜೂರಾತಿ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕನ ಮಗಳು, ಹದಿನೈದರ ಪದ್ಮಿನಿಯ ಅರ್ಜಿಯನ್ನು ‘ತೂಕ ದೃಢಪಟ್ಟಿಲ್ಲ’ ಎಂದು ವಾಪಸ್ ಕಳಿಸಿದ್ದೀರಿ. ಬಸ್ಸಿನಲ್ಲಿ ಅವಳ ಪಕ್ಕ ಕೂರಲು ಯಾರೂ ಒಪ್ಪುವುದಿಲ್ಲ, ಶಾಲೆಯ ಬೆಂಚು ಅವಳನ್ನು ತಾಳುವುದಿಲ್ಲ. ನಿಮ್ಮ ಕಡತದಲ್ಲಿ ಮಾತ್ರ ಅವಳು ಹತ್ತಿಯಷ್ಟು ಹಗುರ. ತೂಕ ಇಳಿಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ನಾವು ಮೈಸೂರಿನ ಡಾಕ್ಟರ ಬಳಿಗೇಕೆ ಅಲೆಯುತ್ತಿದ್ದೆವು?

ಆ ಡಾಕ್ಟರು ಎರಡು ವರ್ಷ ಪಥ್ಯ ಮಾಡಿಸಿ, ಔಷಧ ಕೊಟ್ಟು ನೋಡಿದವರು. ಸಕ್ಕರೆ ಕಾಯಿಲೆ ಬಂದಿದೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದೆ, ಹೊಟ್ಟೆಯ ಚೀಲ ಚಿಕ್ಕದು ಮಾಡುವ ಆಪರೇಷನ್ನಿಗೆ ಇನ್ನು ತಡಮಾಡಬಾರದು ಎಂದರು. ತೂಕವನ್ನೂ ಬರೆದುಕೊಟ್ಟರು. ಅದು ನಡೆಯದು, ಕೊಳ್ಳೇಗಾಲದಲ್ಲಿರುವ ನಮ್ಮ ತಪಾಸಣಾ ಕೇಂದ್ರದಲ್ಲೇ ತೂಗಬೇಕು ಎಂದಿರಿ. ಮೈಸೂರಿನ ಕಿಲೋ ಬೇರೆ, ಕೊಳ್ಳೇಗಾಲದ ಕಿಲೋ ಬೇರೆ ಎಂದು ಹಳ್ಳಿಯವನಾದ ನನಗೆ ಹೇಗೆ ಗೊತ್ತಾಗಬೇಕು?

ಹೋದೆವು. ನಿಮ್ಮ ಕೇಂದ್ರದ ಯಂತ್ರ ನೂರಿಪ್ಪತ್ತು ಕಿಲೋಗೇ ಕೈಚೆಲ್ಲಿ ಬರೀ ಗೆರೆ ತೋರಿಸಿತು.

“ಒಂದ್ ಕಾಲ್ ಎತ್ಕಂಡು ನಿಂತ್ಕವ್ವ, ಏನಾರ ತೋರುಸ್ತದಾ ನೋಡಾನ,” ಎಂದರು ನರ್ಸಮ್ಮ.

“ಅರ್ಧ ಪದ್ಮಿನಿ ಸಾಕಾ ಸಿಸ್ಟ್ರೇ?” ಎಂದಳು ಹುಡುಗಿ.

ಎಲ್ಲರೂ ನಕ್ಕರು. ಊರಿಗೆ ವಾಪಸ್ ಬರುವಾಗ ಮಾತ್ರ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

‘ತೂಕ ದೃಢಪಡುವವರೆಗೆ ಮುಂಜಾನೆ ವಾಕಿಂಗ್ ಮಾಡಿಸಿ’ ಎಂಬ ನಿಮ್ಮ ಸಲಹೆಗೂ ಕೃತಜ್ಞ. ಬೆಳಕು ಹರಿಯುವ ಮೊದಲು ಹೊರಗೆ ಬರಬೇಡಿ, ಆನೆಗಳಿವೆ ಎಂದು ನಮ್ಮೂರಲ್ಲಿ ಅರಣ್ಯ ಇಲಾಖೆಯವರು ಮೈಕಿನಲ್ಲಿ ಕೂಗುತ್ತಾರೆ. ನೀವೂ ಅವರೂ ಒಮ್ಮೆ ಕೂತು ಮಾತಾಡಿ. ಆನೆಗಳಿಗೆ ನಾವು ತಿಳಿಸುತ್ತೇವೆ.

ಇನ್ನು ನನ್ನ ಅವ್ವ ದೊಡ್ಡಮಾದಮ್ಮ. ಪದ್ಮಿನಿ ಹುಟ್ಟಿದಾಗ ಮೊರದಲ್ಲಿ ಮಲಗಿಸಿದರೂ ಜಾಗ ಉಳಿಯುತ್ತಿತ್ತು. ಮಗು ಮೈ ತುಂಬಿಕೊಂಡು ಬದುಕಿದರೆ ಅದರ ತೂಕದ ಬೆಲ್ಲ ಒಪ್ಪಿಸುತ್ತೇನೆಂದು ಅವ್ವ ನಮ್ಮ ದೇವರು ಮಾದಪ್ಪನಿಗೆ ಹರಕೆ ಹೊತ್ತಳು, ಮರೆತಳು. ಆಪರೇಷನ್ ಮಾತು ಬಂದದ್ದೇ ತಡ, ನೆನಪಾಯಿತು.

“ಮದ್ಲು ತೂಗ್ಸು, ಆಮೇಕೆ ಕೊಯ್ಸು ಕಣ್ಲಾ. ಇಳುದ್ಮೇಲೆ ತೂಗುದ್ರೆ ಮಾದಪ್ಪಂಗೆ ಮೋಸ ಅಲ್ವಾ?”

ನಿಯಮಪಾಲನೆಯಲ್ಲಿ ಅವ್ವ ನಿಮಗೇನೂ ಕಡಿಮೆಯಿಲ್ಲ.

ಗುಡಿಯ ದೊಡ್ಡ ತಕ್ಕಡಿಯಲ್ಲಿ ಪದ್ಮಿನಿ ತಲೆ ತಗ್ಗಿಸಿ ಕೂತಳು. ಇನ್ನೊಂದು ತಟ್ಟೆಗೆ ನಾನು ಬೆಲ್ಲ ಪೇರಿಸುತ್ತಾ ಹೋದೆ. “ಆಲೆಮನೆನೇ ಹೊತ್ಕ ಬರ್ಬೇಕಾಯ್ತದೆ ಕಣ್ಲಾ!” ಎಂದ ಪಕ್ಕದ ಮನೆಯ ಮಹದೇವು. ಜನ ನಗುತ್ತಿರುವಾಗಲೇ ಅವಳ ತಟ್ಟೆ ಮೆಲ್ಲಗೆ ಮೇಲೆದ್ದಿತು.

“ಮಾವ, ಕಾಲು ನೆಲ ಬುಡ್ತು ಕಣ್ಮಾವ!”

ಕಂಕುಳ ಕೂಸಾಗಿದ್ದಾಗಿನಿಂದ ಈಚೆಗೆ ಅವಳನ್ನು ಯಾರೂ ಎತ್ತಿರಲಿಲ್ಲ. ಬೆಲ್ಲದ ಲೆಕ್ಕ ತೆಗೆದರೆ ಮೈಸೂರಿನ ಡಾಕ್ಟರು ಬರೆದದ್ದಕ್ಕೂ ಇದಕ್ಕೂ ಒಂದು ಅಚ್ಚು ಬೆಲ್ಲದಷ್ಟೇ ವ್ಯತ್ಯಾಸ.

ಇಳಿದು ಬಂದವಳು ಕೇಳಿದಳು: “ಮಾದಪ್ಪ ತೂಗ್ದ. ಸರ್ಕಾರ ಯಾವಾಗ ತೂಗ್ತದೆ ಮಾವ?”

ಮಾನ್ಯರೇ, ಉತ್ತರ ನಿಮ್ಮಲ್ಲಿದೆ. ಮೈಸೂರಿನ ತೂಕವನ್ನು ಒಪ್ಪಿಕೊಳ್ಳಿ. ಇಲ್ಲವೇ ಅವಳನ್ನು ತಾಳುವ ಯಂತ್ರವನ್ನು ಈ ತಿಂಗಳೇ ತರಿಸಿ. ಯಂತ್ರ ಸೋತದ್ದಕ್ಕೆ ಮಗು ಏಕೆ ಉಸಿರು ಕಟ್ಟಿಕೊಂಡು ಕಾಯಬೇಕು?

ಪ್ರಸಾದದ ಬೆಲ್ಲ ಒಂದು ಅಚ್ಚು ನಿಮ್ಮ ಕಚೇರಿಗೂ ಕಳಿಸಿದ್ದೇನೆ. ಊರೆಲ್ಲ ತಿಂದಿತು. ಪದ್ಮಿನಿ ತನ್ನ ಕೈಯಾರೆ ಎಲ್ಲರಿಗೂ ಹಂಚಿದಳು, ಬೆರಳನ್ನೂ ನೆಕ್ಕಲಿಲ್ಲ. ಡಾಕ್ಟರು ಬೇಡವೆಂದಿದ್ದಾರೆ.

ಇಂತಿ,
ದೇವರ ತಕ್ಕಡಿಗೆ ಬೆಲ್ಲವನ್ನೂ ನಿಮ್ಮ ಕಚೇರಿಯ ಮಹಡಿಗೆ ಅರ್ಜಿಯನ್ನೂ ಹೊತ್ತು, ಎರಡನೆಯದರಲ್ಲೇ ಸುಸ್ತಾದ ಸೋದರಮಾವ
ಚಿನ್ನಸ್ವಾಮಿ, ಲೊಕ್ಕನಹಳ್ಳಿ