ಅಕ್ಬರಸಾಬ ಕಾಕಾನ ಗ್ಯಾಪು

ರವಿವಾರ, 7 ಸೆಪ್ಟೆಂಬರ್ 2025. ಇಳಕಲ್ಲ

ಕಾರಿನ ನಾಲ್ಕೂ ಸ್ಪಾರ್ಕ್ ಪ್ಲಗ್ ಸರಿಮಾಡಿ ಹಾಕಿ, ವೈರ್ ಚುಚ್ಚಿ, ಚಹಾ ಕುಡಿದು ಕಾಕಾ ಹೋದರು. ತಿಂಗಳ ಮೊದಲ ರವಿವಾರದ ಪದ್ಧತಿ, ಅಪ್ಪ ಇದ್ದಾಗಿನಿಂದ. ಅಪ್ಪ ಹೋದರು. ಅಪ್ಪನ ಫಿಯಾಟ್ ಉಳಿಯಿತು, ಅದರ ಜೊತೆ ಮೆಕ್ಯಾನಿಕ್ ಅಕ್ಬರಸಾಬ ಕಾಕಾನೂ ಉಳಿದರು.

ಕಾಕಾ ಗೇಜ್ ಮುಟ್ಟುವುದಿಲ್ಲ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು ಇರುತ್ತದಲ್ಲ, ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಕಟ್ಟೆಯ ಕಲ್ಲಿಗೆ ಮೆಲ್ಲಗೆ ತಟ್ಟುತ್ತಾರೆ. ಮುಗಿಯಿತು. ಬಾಗಲಕೋಟೆಯಿಂದ ನಾನು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತಂದು ತೋರಿಸಿದರೆ, ಅದು ಕಣ್ಣಿಲ್ಲದವರಿಗೆ ಎಂದು ನಕ್ಕಿದ್ದರು.

ಈಗ ಅವರ ಕಣ್ಣಿಗೇ ಪೊರೆ. ಹೋದ ಮೇಲೆ ಗೇಟು ಹಾಕಿ ಎಲ್ಲ ಬಿಚ್ಚಿದೆ. ಸಂದು ಇಪ್ಪತ್ತೈದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಇಪ್ಪತ್ತೈದು ಪಾಲು, ಇರಬೇಕಾದಲ್ಲಿ ಒಂದರಲ್ಲಿ ನಲವತ್ತು! ಗೇಜಿನ ಪಟ್ಟಿ ತೂರಿಸಿ ಸರಿ ಮಾಡಿ ಮತ್ತೆ ಹಾಕಿದೆ. ಜೂನಿನಿಂದ ಇದೇ ಕಳ್ಳತನ.

ರವಿವಾರ, 5 ಅಕ್ಟೋಬರ್. ಮಧ್ಯಾಹ್ನ

ಕಾಕಾ ಬಂದರು, ತಟ್ಟಿದರು, ಹೋದರು. ನಾನು ಬಿಚ್ಚಿದೆ, ಅಳೆದೆ, ಹಾಕಿದೆ. ನಾಳೆ ಹುನಗುಂದಕ್ಕೆ ಡ್ಯೂಟಿಗೆ ಹೋಗುವಾಗ ಅವರ ಶೆಡ್ಡಿನ ಮುಂದೆ ನಿಧಾನ ಮಾಡಬೇಕು. ಇಂಜಿನ್ ಸದ್ದು ಕೇಳಿ ಮೀಸೆ ತಿರುವುತ್ತಾರೆ, ನೋಡಲು ಚಂದ.

ಮಂಗಳವಾರ, 14 ಅಕ್ಟೋಬರ್

ಕಾಕಾನ ಹೆಂಡತಿ ಹುಸೇನಬಿ ಚಾಚಿ ಬಂದಿದ್ದರು. ಕೂತವರು ಕಣ್ಣೀರೇ ಹಾಕಿದರು. ಪೊರೆ ಇನ್ನೂ ಬಲಿತರೆ ಆಪರೇಷನ್ ಕಷ್ಟ ಎಂದಿದ್ದಾರಂತೆ ಡಾಕ್ಟರು. ಮುಂದಿನ ತಿಂಗಳು ಹತ್ತಕ್ಕೆ ಹುನಗುಂದದಲ್ಲಿ ಕಣ್ಣಿನ ಕ್ಯಾಂಪ್. ಕಾಕಾ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ.

“ಅನುರಾಧಾನ ಗಾಡಿ ಹೆಂಗ ಓಡ್ತೈತಿ ನೋಡು, ಕಣ್ಣ ಕಾಣದಾಂವ ಮಾಡಿದ ಕೆಲಸ ಏನ ಅದು, ಅಂತಾರವಾ.”

ನನ್ನ ಉಪಕಾರಕ್ಕಿಷ್ಟು ಬೆಂಕಿ ಹಾಕ. ಅವರ ಮರ್ಯಾದೆ ಉಳಿಸಲು ಹೋಗಿ ಕಣ್ಣು ಕಳೆಯುತ್ತಿದ್ದೇನೆ.

ರವಿವಾರ, 2 ನವೆಂಬರ್. ಸಂಜೆ

ಇವತ್ತು ಮುಟ್ಟಲಿಲ್ಲ. ಕಾಕಾ ಹಾಕಿದ್ದು ಹಾಕಿದಂತೆಯೇ ಬಿಟ್ಟು, ಹುನಗುಂದದ ಕಡೆ ಒಂದು ರೌಂಡ್ ಬರ್ರಿ ಎಂದೆ. ಖುಷಿಯಿಂದ ಮುಂದಿನ ಸೀಟಿನಲ್ಲಿ ಕೂತರು. ದಾರಿಯ ಏರಿನಲ್ಲಿ ಗಾಡಿ ಕೆಮ್ಮಿತು, ಜಗ್ಗಿತು. ನಾನು ತುಟಿ ಕಚ್ಚಿ ಆಕ್ಸಿಲರೇಟರ್ ಒತ್ತಿದೆ.

“ಮೂರನೇ ಪ್ಲಗ್ ಮಿಸ್ ಹೊಡ್ಯಾಕತ್ತೈತಿ. ನಿಂದರಸು.” ಕಿವಿ ಮಾತ್ರ ಹದಿನೆಂಟರದ್ದು.

ಬೇವಿನ ನೆರಳಲ್ಲಿ ಇಂಜಿನ್ ಆರುವ ತನಕ ಕೂತೆವು. ಆಮೇಲೆ ಮೂರನೆಯದನ್ನು ಬಿಚ್ಚಿ ಬಿಸಿಲಿಗೆ ಹಿಡಿದರು. ದೂರ ಹಿಡಿದರು, ಹತ್ತಿರ ಹಿಡಿದರು. ಕೊನೆಗೆ ಪ್ಲಗ್ ನನ್ನ ಕೈಗೆ ಕೊಟ್ಟರು.

“ಯಾಕವ್ವಾ, ಈ ಸಲ ನೀ ಬಿಚ್ಚಿ ನೋಡಲಿಲ್ಲೇನು?”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಾಕಾ ನಗುತ್ತಿದ್ದರು. ಮೊದಲಿನಿಂದ ಗೊತ್ತಂತೆ. ಅವರು ಹದವಾಗಿ ಬಿಗಿ ಮಾಡಿದ್ದನ್ನು ನಾನು ಜೀವ ಹಾಕಿ ಬಿಗಿಯುತ್ತೇನಂತೆ, ತಿಂಗಳು ತಿಂಗಳು ಬಿಚ್ಚಲು ರಟ್ಟೆ ಬೀಳುತ್ತಿತ್ತಂತೆ. ಮತ್ತೇಕೆ ಸುಮ್ಮನಿದ್ದಿರಿ ಎಂದೆ. ನಗು ನಿಂತಿತು.

“ಹೆದರಿಕಿ ಅವ್ವಾ. ಕಣ್ಣಾಗ ಕತ್ತರಿ ಹಾಕ್ತಾರಂದ್ರ ಕೈಕಾಲ ನಡಗತಾವು. ನೀ ಸರಿ ಮಾಡತಿದ್ದಿ, ನಾ ಬಚಾವಾಗತಿದ್ದೆ.”

ಇನ್ನು ಮುಂದೆ ಕದ್ದು ಸರಿ ಮಾಡುವುದಿಲ್ಲ ಎಂದೆ. ಅವರ ಎದುರಿಗೇ ಪಟ್ಟಿ ತೂರಿಸಿ, ಇಪ್ಪತ್ತೈದಕ್ಕೆ ತಂದು ಹಾಕಿದೆ. ಮನೆ ಮುಂದೆ ಇಳಿಯುವಾಗ ಕಾಕಾ, ಹತ್ತನೇ ತಾರೀಖಿಗೆ ನಿನಗೆ ರಜೆ ಸಿಗುತ್ತದೆಯೇ, ಬಸ್ಸಿನಲ್ಲಿ ಹೋಗುವವನಲ್ಲ ನಾನು ಎಂದರು.

ಸೋಮವಾರ, 10 ನವೆಂಬರ್. 11:20, ಕ್ಯಾಂಪಿನ ವರಾಂಡ

ಒಳಗೆ ಕರೆದೊಯ್ದರು. ಹಸಿರು ಟೋಪಿ ಹಾಕಿದ ಮೇಲೆ ಕಾಕಾ ಸಣ್ಣ ಹುಡುಗನಾಗಿ ಕಂಡರು. ಚಾಚಿ ಜಪಮಾಲೆ ಎಣಿಸುತ್ತಿದ್ದಾರೆ. ನಾನು ಇದನ್ನು ಗೀಚುತ್ತಿದ್ದೇನೆ…

ರವಿವಾರ, 7 ಡಿಸೆಂಬರ್. ಮುಂಜಾನೆ 10

ಕಾಕಾ ಬಂದಿದ್ದಾರೆ. ಕರಿ ಕನ್ನಡಕ ಜೇಬಿನಲ್ಲಿ. ಬಂದವರೇ ನನ್ನ ಮುಖ ನೋಡಿ, ಇಷ್ಟು ಬೆಳ್ಳಗಾಗಿದೆಯಲ್ಲ ತಲೆ, ಯಾರೂ ಹೇಳಲಿಲ್ಲ ನನಗೆ ಎಂದರು. ಹಾಳು ಮುದುಕ!

ಇವತ್ತು ಕೆಲಸ ನಿನ್ನದು ಎಂದು ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲನೆಯ ಪ್ಲಗ್ಗನ್ನು ಗೇಜ್ ಹಾಕಿ ಸರಿಮಾಡಿ, ಜಂಬದಿಂದ ಅವರ ಕೈಗಿಟ್ಟೆ. ಬಿಸಿಲಿಗೆ ಹಿಡಿದರು. ಒಂದು ಕಣ್ಣು ಮುಚ್ಚಿದರು.

“ಎರಡು ಥೌ ಹೆಚ್ಚೈತಿ.”

ಇಲ್ಲ ಎಂದೆ. ವಾದ ಮಾಡಿದೆ. ಪಟ್ಟಿಗಳನ್ನು ಬಿಡಿಸಿ ನೋಡಿದರೆ, ಅವಸರದಲ್ಲಿ ನಾನು ತೂರಿಸಿದ್ದು ಇಪ್ಪತ್ತೇಳರದ್ದು. ಕುಣಿದಾಡುವಂತಾಯಿತು. ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದು ಅಳುತ್ತಾ ಬರೆಯುತ್ತಿದ್ದೇನೆ, ತಪ್ಪು ಮಾಡಿ ಇಷ್ಟು ಸಂತೋಷ ಯಾವತ್ತೂ… ಕರೆಯುತ್ತಿದ್ದಾರೆ, ಎರಡನೆಯದು ತಾ ಅಂತ, ಇನ್ನೂ ಮೂರು—