ಸವಳಂಗದಲ್ಲಿ ಹೊಲಿಸಿದ ಕೋಟು

12 ಜುಲೈ, ಶನಿವಾರ

ಮತ್ತೆ ಸಂದರ್ಶನಗಳ ಟ್ರಾನ್ಸ್‌ಕ್ರಿಪ್ಷನ್. ಇಯರ್‌ಫೋನ್ ಚುಚ್ಚಿ ಚುಚ್ಚಿ ಕಿವಿ ನೋವು. ಪಿಎಚ್‌ಡಿ ವಿಷಯ ಏನೆಂದು ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ. ಸಣ್ಣ ಊರುಗಳಲ್ಲಿ ಜಪಾನಿನ ಅನಿಮೆ ಕಾರ್ಟೂನು, ಗೇಮ್, ಕಾಮಿಕ್ಸ್ ಹಚ್ಚಿಕೊಂಡ ದೊಡ್ಡವರು ತಮ್ಮನ್ನು ತಾವು ಏನೆಂದುಕೊಂಡಿದ್ದಾರೆ — ಅಷ್ಟೇ. ಅಮ್ಮನ ಬಾಯಲ್ಲಿ ಅದು ‘ಕಾರ್ಟೂನ್ ಡಾಕ್ಟ್ರೇಟ್’. ಎನ್ನಲಿ.

ಬೆಳಗ್ಗೆ ಹೊನ್ನಾಳಿಯಿಂದ ಚನ್ನಗಿರಿಗೆ ಹೋಗಿದ್ದೆ. ರುದ್ರಮುನಿ ಅಣ್ಣ. ಐವತ್ತರ ಹತ್ತಿರ, ಪೈಪು-ಮೋಟಾರಿನ ಅಂಗಡಿ. ಹಿಂದೆ ಹೋದಾಗಲೆಲ್ಲ “ಮಕ್ಳು ನೋಡ್ತಾವೆ, ಜತೀಗೆ ನಾನೂ ನೋಡ್ತೀನಿ” ಎಂದು ಜಾರಿಕೊಂಡಿದ್ದರು. ಇವತ್ತು ಫೋನಿನಲ್ಲಿ ಅನಿಮೆ ಪಾತ್ರದ ವೇಷ ಹಾಕಿದ ನನ್ನದೇ ಫೋಟೋ ತೋರಿಸಿದೆ. ಬೆಳ್ಳಿ ಬಣ್ಣದ ವಿಗ್, ಥರ್ಮಾಕೋಲ್ ಕತ್ತಿ, ಹಾಸ್ಟೆಲ್ ಟೆರೇಸ್. ಸಂಶೋಧನೆಗಾಗಿ ತೋರಿಸಿದೆನೋ, ಯಾರಿಗಾದರೂ ತೋರಿಸಬೇಕಿತ್ತೋ...

“ಅಯ್ಯೋ ತಂಗಿ, ನೀನೂ ನಮ್ಮೋಳೇ ಅನ್ನು!”

ಹಿಂದಿನ ಗೋಡೌನಿಗೆ ಕರೆದೊಯ್ದರು. ಪೈಪಿನ ರಾಶಿಯ ಹಿಂದೆ ಮೊಳೆಗೆ ನೇತುಹಾಕಿದ ಕೋಟು. ಮೊಣಕಾಲು ದಾಟುವಷ್ಟು ಉದ್ದ, ಕಡುನೀಲಿ, ಒಳಗೆ ಕೆಂಪು ಅಸ್ತರು. ಯಾವುದೋ ಜಪಾನಿ ಸರಣಿಯ ಸೇನಾಪತಿಯದು. ಹಾಕಿಕೊಂಡು ನಿಂತರು. ಚೆಂದ ಕಾಣುತ್ತಿದ್ದರು, ನಿಜವಾಗಿ.

“ಇಲ್ಲೇ ಹೊಲಿಸಿದ್ರೆ ಊರಿಗೆಲ್ಲ ಡಂಗುರ. ಸವಳಂಗದ ಅಮೀರ್‌ಜಾನ್ ಟೇಲರ್ ಹತ್ರ ಹೋಗಿ ಸ್ಕೂಲ್ ಡೇ ನಾಟಕಕ್ಕೆ ಅಂದೆ. ಅಳತೆ ಮಾತ್ರ ನಂದೇ ಕೊಟ್ಟೆ. ಆತ ನನ್ನ ಹೊಟ್ಟೆ ನೋಡಿ, ‘ಯಾವ ಕ್ಲಾಸ್ ರೀ ಹುಡುಗ?’ ಅಂದ!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. “ಮನ್ಯಾಗೆ ನಿರ್ಮಲಂಗೂ ಗೊತ್ತಿಲ್ಲ, ತಂಗಿ. ನೀನೇ ಫಸ್ಟ್.”

ಫೋಟೋ ತೆಗೆಯಲು ಬಿಟ್ಟರು. ಹೆಸರು ಹಾಕುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

21 ಆಗಸ್ಟ್, ಸಂಜೆ 6

ಕಾಲೇಜಿನ ಸೆಮಿನಾರಿನಲ್ಲಿ ನನ್ನ ಪ್ರಬಂಧ ಮುಗಿಯಿತು. ಮಾತಿನಂತೆ ಹೆಸರು ಹಾಕಲಿಲ್ಲ. ಗುರುತು ಸಿಗದಿರಲೆಂದು ಊರು, ಅಂಗಡಿಯನ್ನೂ ಬದಲಿಸಿ ‘ಪ್ರತಿಸ್ಪಂದಕ 7, ಜಗಳೂರು, ಗೊಬ್ಬರದಂಗಡಿ’ ಎಂದು ಬರೆದಿದ್ದೆ. ಪರದೆಗೆ ಹಾಕಿದ ಫೋಟೋದಲ್ಲಿ ಮುಖ ಮಸುಕು ಮಾಡಿದ್ದೆ.

ಊಟದ ನಂತರದ ಸೆಷನ್. ಎಲ್ಲರೂ ತೂಕಡಿಸುತ್ತಿದ್ದರು. ಕೋಟಿನ ಕಥೆ ಬೇಡ ಎಂದು ಬೆಳಗ್ಗೆ ಅನ್ನಿಸಿತ್ತು. ಆದರೂ ಹೇಳಿದೆ. ಟೇಲರ್ ದನಿಯಲ್ಲಿ “ಯಾವ ಕ್ಲಾಸ್ ರೀ ಹುಡುಗ?” ಎಂದು ನಟಿಸಿದೆ ಬೇರೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಖುಷಿಯಾಯಿತು. ಬರೆಯಲು ನಾಚಿಕೆ, ಆದರೆ ಆಯಿತು.

ಅಧ್ಯಕ್ಷತೆ ವಹಿಸಿದ್ದ ಮಲ್ಲಿಕಾರ್ಜುನಪ್ಪ ಸರ್ ಕೇಳಿದರು: “ಏನಮ್ಮ, ನೀವೂ ಇದೇ ಪೈಕೀನಾ?”

“ಛೇ, ಇಲ್ಲ ಸರ್. ಬರೀ ರಿಸರ್ಚ್.”

ಮತ್ತೆ ನಗು. ನಾನೂ ನಕ್ಕೆ.

ಬಾಗಿಲ ಬಳಿ ಬಿಎ ಓದುವ ಹುಡುಗಿಯೊಬ್ಬಳು ತಡೆದಳು. ಬುಶ್ರಾ ಅಂತೆ. “ಮೇಡಂ, ಆ ಕೋಟು ಹೊಲಿದಿದ್ದು ನಮ್ಮಬ್ಬಾ. ಆದ್ರೆ ಹೊಲಿಸಿದೋರು ಜಗಳೂರಿನೋರಲ್ಲ, ಅಲ್ವಾ?”

ಯಾರಿಗಾದರೂ ಕೇಳಿಸಿತೇ ಎಂದು ಸುತ್ತ ನೋಡಿದೆ.

“ನಾನ್ಯಾರಿಗೂ ಹೇಳಲ್ಲ ಬಿಡ್ರಿ. ಆದ್ರೆ ಫೋಟೋದಾಗೆ ಹಿಂದಿರೋ ಪೈಪಿನ ಮ್ಯಾಲೆ ಅಂಗಡಿ ಹೆಸ್ರು ಕಾಣ್ತೈತೆ. ಸೆಮಿನಾರ್ ವಿಡಿಯೋ ಯೂಟ್ಯೂಬ್‌ಗೂ ಹೋಗೈತಲ್ಲ.”

ಮುಖ ಮುಚ್ಚಿದ್ದೆ. ಪೈಪು ನೋಡಿಯೇ ಇರಲಿಲ್ಲ. ಕತ್ತೆ ನಾನು.

22 ಆಗಸ್ಟ್

ವಿಡಿಯೋ ತೆಗೆಸಿ ಎಂದು ಕಾಲೇಜಿನ ಆಫೀಸಿನಲ್ಲಿ ಗೋಗರೆದೆ. “ಸೋಮವಾರ ನೋಡೋಣ” ಎಂದರು. ಅಣ್ಣನಿಗೆ ಫೋನ್ ಮಾಡಬೇಕು. ನಾಳೆ.

26 ಆಗಸ್ಟ್

ಮಾಡಲಿಲ್ಲ. ಅವರೇ ಮಾಡಿದರು.

ಕ್ಲಿಪ್ ಚನ್ನಗಿರಿ ವರ್ತಕರ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿದೆಯಂತೆ. ಪೈಪು ಕೊಳ್ಳಲು ಬಂದವರೂ “ಯಾವ ಕ್ಲಾಸ್ ರೀ?” ಎನ್ನುತ್ತಾರಂತೆ. ಸಾರಿ ಎಂದೆ, ಮತ್ತೆ ಮತ್ತೆ ಎಂದೆ. ಪೂರ್ತಿ ಕೇಳಿಸಿಕೊಂಡರು.

“ನಗೋರು ನಗ್ಲಿ ಬಿಡ್ರಿ. ನಗೋರ ಬಾಯಿ ಹಿಡಿಯಾಕೆ ಆಗ್ತೈತಾ? ಪೂರ್ತಿ ವಿಡಿಯೋ ನೋಡ್ದೆ. ಆ ಸರ್ ಕೇಳ್ದಾಗ ನೀವು ಅಲ್ಲ ಅಂದ್ರಲ್ಲ ಮೇಡಂ... ಯಾಕೆ ಅಂದ್ರಿ?”

ಮೇಡಂ.

9 ಸೆಪ್ಟೆಂಬರ್

ಎರಡು ವಾರ ಏನೂ ಬರೆದಿಲ್ಲ. ಅನ್ನ ಸೇರುತ್ತಿಲ್ಲ. ಗೈಡ್ ಮಾತ್ರ ಖುಷಿಯಾಗಿದ್ದಾರೆ. ‘ಕೋಟಿನ ಭಾಗ ಬಿಡಬೇಡಮ್ಮ, ಇಡೀ ಥೀಸಿಸ್‌ಗೆ ಅದೇ ಜೀವ.’ ಹೌದು, ಯಾರದ್ದೋ ಜೀವ. ಆ ಭಾಗ ಕಿತ್ತು ಹಾಕಿದೆ. ಅದರಿಂದ ಅಣ್ಣನಿಗೇನು ಬಂತು?

10 ಸೆಪ್ಟೆಂಬರ್

ಹೋದೆ. ಅಂಗಡಿ ತುಂಬಾ ಜನ — ಮೋಟಾರು ಕೊಳ್ಳಲು ಬಂದವರು, ಪೈಪು ಇಳಿಸುವವರು. ಅಣ್ಣ ಬಿಲ್ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. ಪಕ್ಕದಲ್ಲಿ ಅವರ ಹೆಂಡತಿ ನಿರ್ಮಲಮ್ಮ. ಬೈಯುತ್ತಾರೆಂದುಕೊಂಡೆ. ಕುರ್ಚಿ ಸರಿಸಿದರು.

“ಕೂತ್ಕಳವ್ವ. ಇಷ್ಟು ವರ್ಷ ಸಂಸಾರ ಮಾಡೀನಿ, ನನಗೆ ಹೇಳ್ಲಿಲ್ಲ ನೋಡು. ನಿನಗೆ ಹೇಳಿದ್ರು. ಯಾಕಂತ ಕೇಳಿದ್ರೆ, ಆಕೀನೂ ನಮ್ಮೋಳು ಅನ್ಕಂಡಿದ್ದೆ ಅಂದ್ರು.” ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. “ಖರೇನಾ? ನೀನೂ ಹಂಗೆ ವೇಷ ಹಾಕ್ಕಂತೀಯಾ?”

ಹೂಂ ಎಂದೆ. ನನಗೇ ಕೇಳಿಸಲಿಲ್ಲ.

ಅಣ್ಣನ ಪೆನ್ನು ನಿಂತಿತು. “ಏನಂದ್ರಿ ಮೇಡಂ?”

ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದರು. ಒಬ್ಬ ಆಗಲೇ ಫೋನ್ ಎತ್ತಿ ಹಿಡಿದಿದ್ದ. ಎದ್ದು ನಿಂತೆ. “ಹೂಂ ಅಣ್ಣ, ನಾನೂ ನಿಮ್ಮೋಳೇ” ಎಂದೆ, ಈ ಸಲ ಎಲ್ಲರಿಗೂ ಕೇಳುವಂತೆ.