ನೀಲಿ ಪೆನ್ಸಿಲ್ ಮುಟ್ಟದ ಪುಟ

೧೨ ನವೆಂಬರ್ ೧೯೪೬, ಕೊಯಿಂಬ್ರಾ

ಬರೆಯುತ್ತಿರುವುದಕ್ಕೇ ಕ್ಷಮೆ ಇರಲಿ. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ. ಶಾಲೆಯ ಹಾಸ್ಟೆಲಿನಲ್ಲಿ ಪಾದ್ರಿಗಳು ಹಾಸಿಗೆ ಎತ್ತಿ ಡೈರಿ ಹುಡುಕುತ್ತಿದ್ದರು, ಊಟದ ಹೊತ್ತಿಗೆ ಎಲ್ಲರೆದುರು ಓದುತ್ತಿದ್ದರು. ಆ ಹೆದರಿಕೆ ಇನ್ನೂ ಹೋಗಿಲ್ಲ.

ಇವತ್ತೂ ಯೂನಿವರ್ಸಿಟಿಯ ಸಂಜೆ ಗಂಟೆ ಹೊಡೆದ ಮೇಲೆ ಸೀನಿಯರ್ ಲೋಪು ವಿಲ್ಯೇನ ಹೊದ್ದಿದ್ದ ಕಪ್ಪು ಕೇಪಿನೊಳಗೆ ಸೇರಿಕೊಂಡು ರೂಮಿಗೆ ಬಂದೆ. ಗಂಟೆಯ ನಂತರ ಬೀದಿಯಲ್ಲಿ ಸಿಕ್ಕ ನನ್ನಂಥ ಫಸ್ಟ್ ಇಯರ್‌ನವರ ತಲೆಗೂದಲಿಗೆ ಸೀನಿಯರ್‌ಗಳು ಕತ್ತರಿ ಹಾಕುತ್ತಾರೆ. ಸೀನಿಯರ್ ಒಬ್ಬನ ಕೇಪಿನ ಕೆಳಗಿದ್ದರೆ ಮುಟ್ಟುವಂತಿಲ್ಲ. ಲೋಪು ಲಾ ಕೊನೆಯ ವರ್ಷ. ವಾರಪತ್ರಿಕೆಯೊಂದರ ಸಂಪಾದಕ. ಸೋತ ಜರ್ಮನ್ನರ ಮೇಲೆ ಅದಕ್ಕೆ ಇನ್ನೂ ಭಕ್ತಿ. ನನ್ನಮ್ಮ ಇಂಗ್ಲೆಂಡಿನವಳು, ಅವನಿಗೆ ಇಂಗ್ಲಿಷ್ ಪೇಪರುಗಳನ್ನು ಅನುವಾದಿಸಿಕೊಡುತ್ತೇನೆ. ಅದಕ್ಕೇ ಈ ಕೇಪಿನ ರಕ್ಷಣೆ.

೧೯ ನವೆಂಬರ್

ಬಾಯಿ ಬಿಟ್ಟು ಕೆಟ್ಟೆ. ಲೋಪು ಜೊತೆ ಕಾಫಿ ಕುಡಿಯುತ್ತಾ ವಿನಿ ಅಕ್ಕನ ವಿಷಯ ಹೇಳಿಬಿಟ್ಟೆ — ನರ್ಸ್, ಹೋದ ವರ್ಷ ಬ್ರಿಟಿಷ್ ಸೇನೆಯ ಹಿಂದೆಯೇ ಜರ್ಮನ್ನರ ಬೆಲ್ಸೆನ್ ಸೆರೆಕ್ಯಾಂಪಿಗೆ ಹೋಗಿದ್ದವಳು ಅಂತ. ಬರೆದುಕೊಡು ಅಂದ ಲೋಪು. ಬೇಸಿಗೆಯಲ್ಲಿ ಬಂದಾಗ ಅವಳು ಹೇಳಿದ್ದನ್ನೆಲ್ಲ ಬರೆದೆ. ಜರ್ಮನ್ನರು ಉಪವಾಸ ಕೆಡವಿದ್ದು, ಟೈಫಸ್, ಹೆಣಗಳ ರಾಶಿ. ಕೊನೆಯಲ್ಲಿ — ಬಿಡುಗಡೆಯಾದ ಮೇಲೂ ಜನ ಸಾಯುತ್ತಲೇ ಇದ್ದದ್ದು, ಸೈನಿಕರು ಕರುಣೆಯಿಂದ ಕೊಟ್ಟ ಡಬ್ಬಿಮಾಂಸ ಒಣಗಿದ ಹೊಟ್ಟೆಗೆ ದಕ್ಕದೆ ಎಷ್ಟೋ ಜನ ಹೋದದ್ದು.

೨೦ ನವೆಂಬರ್, ಪ್ರೆಸ್‌ನಿಂದ ಬಂದು

ಪ್ರೂಫ್ ನೋಡಿದೆ. ಮೊದಲ ಭಾಗ ಇಲ್ಲ. ಕೊನೆಯದಷ್ಟೇ. ತಲೆಬರಹ: 'ಇಂಗ್ಲಿಷರು ಬಂದ ಮೇಲೆ ಸತ್ತವರು'. ಕೆಳಗೆ ಅಕ್ಕನ ಪೂರ್ತಿ ಹೆಸರು.

ಡಾಕ್ಟರೇ, ಅಂದೆ ಲೋಪುವಿಗೆ — ಸೀನಿಯರ್‌ಗಳನ್ನು ಹಾಗೇ ಕರೆಯಬೇಕು — ಅಕ್ಕ ಹೇಳಿದ್ದು ಇದಲ್ಲ.

"ಇದರಲ್ಲಿ ಒಂದೇ ಒಂದು ಸುಳ್ಳು ತೋರಿಸು ಮರಿ. ನನ್ನ ಕೈಯಾರೆ ಅಳಿಸ್ತೀನಿ."

ಮತ್ತೊಮ್ಮೆ ಓದಿದೆ. ಒಂದೊಂದು ವಾಕ್ಯವೂ ನಿಜ.

ಹೇಗೂ ಅಚ್ಚಿಗೆ ಮುಂಚೆ ಸರ್ಕಾರಿ ಸೆನ್ಸಾರ್ ಇದೆಯಲ್ಲ. ಇಂಗ್ಲೆಂಡ್ ನಮ್ಮ ಹಳೇ ಮಿತ್ರದೇಶ. ಸೆನ್ಸಾರಿನ ಕರ್ನಲ್ ಸಾಹೇಬರು ನೀಲಿ ಪೆನ್ಸಿಲಿನಲ್ಲಿ ಇಡೀ ಪುಟ ಹೊಡೆದುಹಾಕುತ್ತಾರೆ. ನಾನ್ಯಾಕೆ ಜಗಳ ಆಡಲಿ... ಅಕ್ಕನ ಹೆಸರಿನಲ್ಲಿ ಒಂದು ಅಕ್ಷರ ಬಿದ್ದುಹೋಗಿತ್ತು. ಸೇರಿಸಿದೆ.

೨೨ ನವೆಂಬರ್

ಸೆನ್ಸಾರಿನಿಂದ ಪ್ರೂಫ್ ಬಂತು. ನೀಲಿ ಗೆರೆ ಒಂದೇ ಕಡೆ — ಈ ಕ್ರಿಸ್‌ಮಸ್‌ಗೆ ಹಬ್ಬದೂಟದ ಉಪ್ಪುಮೀನು ಸಿಗುವುದು ಕಷ್ಟ ಎಂಬ ಸುದ್ದಿಯ ಮೇಲೆ. ನಮ್ಮ ಪುಟಕ್ಕೆ ಒಪ್ಪಿಗೆಯ ಠಸ್ಸೆ. ಲೋಪು ನಕ್ಕ: "ಕರ್ನಲ್ಲಿಗೆ ಊಟದ್ದೇ ಚಿಂತೆ ಕಣೋ."

೪ ಡಿಸೆಂಬರ್

ಇಷ್ಟು ದಿನ ಬರೆಯಲಿಲ್ಲ. ಪತ್ರಿಕೆ ಬಂತು, ಯಾರೂ ಏನೂ ಅನ್ನಲಿಲ್ಲ. ಪಾರಾದೆ ಅಂದುಕೊಂಡಿದ್ದೆ.

ಇವತ್ತು ಮಧ್ಯಾಹ್ನ ಬೋರ್ಡಿಂಗಿನ ಊಟದ ಮೇಜಿಗೆ ಲೀಪ್‌ಮನ್‌ರು ಬಂದು ಪಕ್ಕದಲ್ಲೇ ಕೂತರು. ಅಟ್ಟದ ಕೋಣೆಯಲ್ಲಿ ಕನ್ನಡಕ ರಿಪೇರಿ ಮಾಡುವ ಜರ್ಮನ್ ಯಹೂದಿ. ಅವರು ತಪ್ಪಿಸಿಕೊಂಡು ಬಂದರು, ಹೆಂಡತಿ ಬೆರ್ತಾ ಅಲ್ಲೇ ಉಳಿದರು. ಜೇಬಿನಿಂದ ನಮ್ಮ ಪುಟ ತೆಗೆದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ತಮ್ಮಾ, ಈ ಪೇಪರನ್ನ ನಾನು ನಂಬಲ್ಲ. ಆದ್ರೆ ನರ್ಸ್ ಹೆಸರಿದೆಯಲ್ಲ, ನಿಮ್ಮಕ್ಕನದು. ನಮ್ಮ ಬೆರ್ತಾ ಅದೇ ಕ್ಯಾಂಪಿನಲ್ಲಿ ಮಾರ್ಚಿನಲ್ಲೇ ಹೋದಳು ಅಂತ ಕಾಗದ ಬಂದಿತ್ತು. ಈ ಪೇಪರ್ನೋರು ನೋಡಿದ್ರೆ, ಸತ್ತೋರೆಲ್ಲ ಏಪ್ರಿಲ್‌ನಲ್ಲಿ ಇಂಗ್ಲಿಷರು ಬಂದ್ಮೇಲೆ ಸತ್ರು ಅಂತಾರೆ. ಹಂಗಾದ್ರೆ ಮಾರ್ಚ್ ಅನ್ನೋದೇ ತಪ್ಪಿರ್ಬೇಕು. ನಿಮ್ಮಕ್ಕ ಅವಳನ್ನ ಬದುಕಿದ್ದಾಗ ನೋಡಿರ್ಬಹುದು. ಅಲ್ವಾ?"

ಅಕ್ಕನಿಗೆ ಬರೆದು ಕೇಳುತ್ತೇನೆ ಅಂದೆ. ಸೂಪು ಆರಿತು.

೫ ಡಿಸೆಂಬರ್

ಲೋಪುವಿನ ಹತ್ತಿರ ಹೋದೆ. ಅಕ್ಕನ ಮಾತು ಪೂರ್ತಿ ಹಾಕಿ ಅಂದೆ. ಆಗಲ್ಲ ಅಂದ. ಮ್ಯಾಡ್ರಿಡಿನ ಪೇಪರೊಂದು ಅದನ್ನೇ ಎತ್ತಿ ಹಾಕುತ್ತಿದೆಯಂತೆ, ಅವಳ ಹೆಸರಿನ ಸಮೇತ. ಹಾಗಾದರೆ ಇನ್ನು ಅನುವಾದ ಮಾಡಲ್ಲ ಅಂದೆ. ಅವನು ರೇಗಲಿಲ್ಲ. ಗಂಟೆ ಹೊಡೆಯುವವರೆಗೂ ಕೂರಿಸಿಕೊಂಡ. ಬೀದಿಗೆ ಬಂದ ಮೇಲೆ ಕೇಪು ಸುತ್ತಿಕೊಂಡು ದೂರ ನಿಂತ.

"ಹೋಗಪ್ಪಾ ಇಂಗ್ಲಿಷಾ. ನಿನ್ನ ಮಿತ್ರದೇಶ ಕಾಪಾಡುತ್ತೆ."

ಮೂಲೆಯಲ್ಲಿ ಉಳಿದ ಸೀನಿಯರ್‌ಗಳು ಕಾಯುತ್ತಿದ್ದರು. ಕತ್ತರಿ ತಣ್ಣಗಿತ್ತು.

೬ ಡಿಸೆಂಬರ್

ಲೀಪ್‌ಮನ್‌ರು ನನ್ನ ಬೋಳುತಲೆ ನೋಡಿದರು. ತಮ್ಮ ಉಣ್ಣೆ ಟೋಪಿ ಕೊಟ್ಟರು. ಬಾಗಿಲಲ್ಲಿ ತಿರುಗಿ ನಿಂತರು. "ಅಕ್ಕನಿಗೆ ಬರೆದ್ಯಾ?"

ಬರೆಯಬೇಕು. ಮೊದಲು ಇಲ್ಲೇ ಬರೆದು ನೋಡುತ್ತೇನೆ —

ವಿನಿ ಅಕ್ಕಾ, ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಅಚ್ಚಾಗಿದೆ. ವಾಕ್ಯಗಳೆಲ್ಲ ನಿನ್ನವೇ. ಕೊಟ್ಟವನು ನಾನು. ಆಮೇಲೆ ಎಷ್ಟು ಬೇಕಾದರೂ ಬೈ. ಮೊದಲು ಇದು: ಬೆರ್ತಾ ಲೀಪ್‌ಮನ್ ಅನ್ನುವವರು ನೀನು ಅಲ್ಲಿಗೆ ಹೋಗುವ ಮುಂಚೆಯೇ ತೀರಿಕೊಂಡಿದ್ದಾರೆ. ಅವರ ಗಂಡ ಅದನ್ನು ಒಪ್ಪಿಕೊಂಡಿದ್ದರು. ಈಗ ನಮ್ಮಿಂದಾಗಿ ಬಾಗಿಲಲ್ಲಿ ನಿಂತು ಟಪಾಲಿನವನನ್ನು ಕಾಯುತ್ತಾರೆ. ನಾನು ಹೇಳಿದರೆ ನಂಬುವುದಿಲ್ಲ, ನರ್ಸ್ ಹೇಳಿದರೆ ನಂಬುತ್ತಾರೆ. ಮಾರ್ಚಿನಲ್ಲಿ ಅಲ್ಲಿ ಏನಾಗಿತ್ತು ಅಂತ ಬದುಕುಳಿದವರಿಂದ ನೀನು ಕೇಳಿದ್ದನ್ನು ನಿನ್ನ ಕೈಬರಹದಲ್ಲೇ, ಪೂರ್ತಿ... ದಯವಿಟ್ಟು ಬೇಗ ಉತ್ತರ ಬರಿ.